ಕೇದಗೆ: ಕಡಲಂಚಿನ ಕಾವಲು ಸಸ್ಯ



ಹೊರನಾಡಿನಲ್ಲಿ ನೆಲೆಸಿರುವ ನಮ್ಮಲ್ಲಿ ಹೆಚ್ಚಿನವರು ಕೇದಗೆಯನ್ನು ಯಾವುದಾದರೊಂದು ರೂಪದಲ್ಲಿ ಬಲ್ಲೆವು. ಗಣೇಶ ಚತುರ್ಥಿ ಸಮೀಪಿಸಿದಂತೆ ಮುಂಬಯಿಯ ದಾದರಿನ ಹೂಪೇಟೆಯಲ್ಲಿಯೂ ಪುಣೆಯ ಮಂಡಯಿಯ ಸುತ್ತಮುತ್ತಲೂ ‘ಕೇವಡಾ’ ಎಂಬ ಹೆಸರಿನಿಂದ ಅದು ಮಾರಾಟಕ್ಕೆ ಬರುತ್ತದೆ. ಚೆನ್ನೈಯಲ್ಲಿ ಅದು ‘ತಾಳಂಪೂ’. ಮದುವಣಗಿತ್ತಿಯ ಜಡೆಯಲ್ಲಿ ಅದರ ಗರಿಯಿದ್ದರೆ, ಭರಣಿಯ ಕುಂಕುಮದಲ್ಲಿ ಅದರ ಪರಿಮಳವಿರುತ್ತದೆ. ಹೈದರಾಬಾದಿನ ಬಿರಿಯಾನಿಗೆ ದಮ್ ಕಟ್ಟುವಾಗ ಚಿಮುಕಿಸುವ ಸುಗಂಧ ಜಲ, ದೆಹಲಿಯ ಬೇಸಗೆಯಲ್ಲಿ ಶರಬತ್ತಿಗೆ ಬೆರೆಸುವ ಕೆಲವು ಹನಿ, ಇವೂ ಕೇದಗೆಯವೇ. ಹೀಗೆ ಹೂವಾಗಿ, ಅತ್ತರಾಗಿ, ನೀರಾಗಿ ನಗರವನ್ನು ಸೇರುವ ಈ ವಸ್ತುವಿನ ಮೂಲವಾದ ಮರವನ್ನು ಮಾತ್ರ ನಮ್ಮಲ್ಲಿ ಕಂಡವರು ವಿರಳ. ಕಂಡವರೂ ಅದನ್ನು ಮುಳ್ಳಿನ ಪೊದೆಯೆಂದು ದೂರದಿಂದಲೇ ಬಲ್ಲರು.

ಇಂದಿನ ಈ ಉಪನ್ಯಾಸದಲ್ಲಿ ಆ ಮರವನ್ನೂ ಅದು ಸಹಜವಾಗಿ ಬೆಳೆಯುವ ನೆಲೆಯನ್ನೂ ಪರಿಚಯಿಸಬೇಕೆಂದಿದ್ದೇನೆ. ಕೇದಗೆಯ ಹೂವಿಗೆ ಮಾರುಕಟ್ಟೆಯಲ್ಲಿ ಬೆಲೆಯುಂಟು. ಅದರ ಬೇರು ಹಿಡಿದು ನಿಲ್ಲಿಸಿರುವ ಮರಳಿಗೆ, ಒಡ್ಡಿಗೆ, ದಂಡೆಗೆ ಯಾರೂ ಬೆಲೆ ಕಟ್ಟಿಲ್ಲ. ಪೊದೆಯನ್ನು ಕಡಿದ ಮೇಲೆ ಸಮುದ್ರವು ಊರಿನೊಳಕ್ಕೆ ಬಂದಾಗ ಮಾತ್ರ ಅದರ ಲೆಕ್ಕ ತಿಳಿಯುತ್ತದೆ. ಆ ಲೆಕ್ಕವನ್ನು ಮೊದಲೇ ತಿಳಿದುಕೊಳ್ಳುವುದು ಲೇಸು.

ಹಲವು ಹೆಸರುಗಳು

ಸಂಸ್ಕೃತದ ‘ಕೇತಕಿ’ಯ ತದ್ಭವವೇ ಕನ್ನಡದ ಕೇದಗೆ, ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಅದೇ ಕ್ಯಾದಗಿ. ಹಳೆಯ ಮೈಸೂರಿನ ಕಡೆ ಇದನ್ನು ತಾಳೆಹೂ ಎನ್ನುವುದು ರೂಢಿ. ಈ ‘ತಾಳೆ’ಗೂ ನೀರಾ, ಬೆಲ್ಲ ಕೊಡುವ ತಾಳೆಮರಕ್ಕೂ ಸಂಬಂಧವಿಲ್ಲ. ತಮಿಳಿನಲ್ಲಿ ಕೇದಗೆಯ ಗಿಡಕ್ಕೆ ‘ತಾಳೈ’ ಎಂದು ಹೆಸರು. ನಮ್ಮ ತಾಳೆಹೂ ಅದಕ್ಕೆ ಒಡಹುಟ್ಟಿದ ಮಾತು. ತೆಲುಗಿನಲ್ಲಿ ಮೊಗಲಿ, ಮಲಯಾಳದಲ್ಲಿ ಕೈತ, ಒಡಿಯಾದಲ್ಲಿ ಕಿಆ. ಅನಾನಸು ಪೋರ್ಚುಗೀಸರ ಕಾಲದಲ್ಲಿ ಭಾರತಕ್ಕೆ ಬಂದಾಗ ಅದರ ಗಿಡವು ಕೇದಗೆಯನ್ನು ಹೋಲುತ್ತಿದ್ದುದರಿಂದ ಮಲಯಾಳಿಗಳು ಅದಕ್ಕೆ ‘ಕೈತಚ್ಚಕ್ಕ’, ಅಂದರೆ ಕೇದಗೆ ಹಲಸು, ಎಂದು ಹೆಸರಿಟ್ಟರು. ಇಂಗ್ಲಿಷಿನಲ್ಲಿ ಇದನ್ನು ‘ಸ್ಕ್ರೂ ಪೈನ್’ ಎನ್ನುತ್ತಾರೆ. ಎಲೆಗಳು ತಿರುಪಿನ ಸುತ್ತುಗಳಂತೆ ಜೋಡಣೆಗೊಂಡಿರುವುದು ಈ ಹೆಸರಿಗೆ ಕಾರಣ. ಹಿಮಾಲಯದ ಪೈನ್ ಮರಗಳಿಗೂ ಇದಕ್ಕೂ ಯಾವ ನಂಟೂ ಇಲ್ಲ.

ಸಸ್ಯವಿಜ್ಞಾನದಲ್ಲಿ ಇದರ ಹೆಸರು ಪ್ಯಾಂಡನಸ್ ಒಡೊರಿಫರ್. ‘ಪ್ಯಾಂಡನಸ್’ ಎಂಬುದು ಮಲಯ ಭಾಷೆಯ ‘ಪಾಂಡಾನ್’ ಎಂಬ ಮಾತಿನಿಂದ ಬಂದುದು; ‘ಒಡೊರಿಫರ್’ ಎಂದರೆ ಪರಿಮಳವನ್ನು ಹೊತ್ತದ್ದು. ಅರೇಬಿಯಾದಲ್ಲಿ ಸಸ್ಯಸಂಗ್ರಹಣ ಮಾಡಿ ಯೆಮೆನ್ ದೇಶದಲ್ಲಿಯೇ ಮೃತನಾದ ಪೀಟರ್ ಫೋರ್ಸ್ಕಾಲ್ ಎಂಬ ವಿಜ್ಞಾನಿಯ ಗ್ರಂಥವು 1775ರಲ್ಲಿ ಪ್ರಕಟವಾದಾಗ, ಅದರಲ್ಲಿ ಈ ಸಸ್ಯಕ್ಕೆ ‘ಕೇವಡಾ’ ಶಬ್ದವನ್ನೇ ನೆನಪಿಸುವ ‘ಕ್ಯೂರಾ’ ಎಂಬ ಕುಲನಾಮವಿತ್ತು. ಪ್ಯಾಂಡನಸ್ ಕುಲದಲ್ಲಿ ಸುಮಾರು ಆರುನೂರು ಪ್ರಭೇದಗಳಿದ್ದು, ಆಫ್ರಿಕದಿಂದ ಪೆಸಿಫಿಕ್ ದ್ವೀಪಗಳವರೆಗಿನ ಉಷ್ಣವಲಯದಲ್ಲಿ ಹರಡಿಕೊಂಡಿವೆ.

ಮರದ ರಚನೆ

ಕೇದಗೆಯು ತೆಂಗು, ಬಿದಿರು, ಹುಲ್ಲುಗಳಂತೆ ಏಕದಳ ಸಸ್ಯ. ಸಾಮಾನ್ಯವಾಗಿ ನಾಲ್ಕರಿಂದ ಆರು ಮೀಟರ್ ಎತ್ತರ ಬೆಳೆಯುತ್ತದೆ. ಎಲೆಗಳು ಒಂದು ಮೀಟರಿಗೂ ಮೀರಿ ಉದ್ದವಾಗಿ ಕತ್ತಿಯ ಅಲಗಿನಂತಿದ್ದು, ಎರಡು ಅಂಚುಗಳಲ್ಲಿಯೂ ನಡುನರದ ಬೆನ್ನಿನ ಮೇಲೂ ಬಾಗಿದ ಮುಳ್ಳುಗಳನ್ನು ಹೊಂದಿರುತ್ತವೆ. ಅವು ಕೊಂಬೆಯ ತುದಿಯಲ್ಲಿ ಮೂರು ಸಾಲುಗಳಾಗಿ ಸುರುಳಿ ಸುತ್ತಿಕೊಂಡು ಮೇಲೇರುತ್ತವೆ. ಹಳೆಯ ಎಲೆ ಉದುರಿದ ಜಾಗದಲ್ಲಿ ಕಾಂಡದ ಮೇಲೆ ಬಳೆಯಂತಹ ಗುರುತು ಉಳಿಯುತ್ತದೆ.

ಮಾವು, ಹಲಸುಗಳ ಕಾಂಡವು ವರ್ಷದಿಂದ ವರ್ಷಕ್ಕೆ ದಪ್ಪವಾಗುವಂತೆ ಏಕದಳ ಸಸ್ಯವಾದ ಕೇದಗೆಯ ಕಾಂಡವು ದಪ್ಪವಾಗಲಾರದು. ಆದರೂ ಅದರ ತಲೆಯ ಭಾರ ಹೆಚ್ಚುತ್ತಲೇ ಹೋಗುತ್ತದೆ. ನಿಂತ ನೆಲವಾದರೋ ಸಡಿಲವಾದ ಮರಳು. ಈ ತೊಡಕಿಗೆ ಮರವು ಕಂಡುಕೊಂಡ ಪರಿಹಾರವೇ ಆಧಾರಬೇರು. ಕಾಂಡದ ಕೆಳಭಾಗದಿಂದಲೂ ಕೆಲವೊಮ್ಮೆ ಕೊಂಬೆಗಳಿಂದಲೂ ಹೆಬ್ಬೆರಳು ಗಾತ್ರದ, ಇನ್ನೂ ದಪ್ಪನೆಯ ಬೇರುಗಳು ಹೊರಟು, ಓರೆಯಾಗಿ ಕೆಳಗಿಳಿದು ನೆಲವನ್ನು ಹೊಗುತ್ತವೆ. ಕ್ರಮೇಣ ಮರವು ಹತ್ತಾರು ಊರುಗೋಲುಗಳ ಮೇಲೆ ನಿಂತಂತಾಗುತ್ತದೆ. ಒಂದು ಪಕ್ಕದ ಮರಳು ಕೊಚ್ಚಿಹೋದರೂ ಇನ್ನೊಂದು ಪಕ್ಕದ ಬೇರುಗಳು ಅದನ್ನು ಹಿಡಿದಿರುತ್ತವೆ. ವಾಲಿದ ಕೊಂಬೆ ನೆಲವನ್ನು ಮುಟ್ಟಿದಲ್ಲಿ ಬೇರು ಬಿಟ್ಟು ಹೊಸ ಗಿಡವಾಗುವುದೂ ಉಂಟು.

ಕೇದಗೆಯಲ್ಲಿ ಗಂಡು ಹೂವಿನ ಗಿಡ ಬೇರೆ, ಹೆಣ್ಣು ಹೂವಿನ ಗಿಡ ಬೇರೆ. ನಾವು ಮುಡಿಯುವುದು, ಅತ್ತರು ಇಳಿಸುವುದು ಗಂಡು ಹೂವಿನಿಂದ. ನಾವು ಎಸಳೆಂದು ಕರೆಯುವ ಕೆನೆಬಣ್ಣದ ಗರಿಗಳು ವಾಸ್ತವವಾಗಿ ಹೂಗೊಂಚಲನ್ನು ಸುತ್ತಿರುವ ಕವಚದ ಎಲೆಗಳು. ಹೆಣ್ಣು ಗಿಡದಲ್ಲಿ ಅಂತಹ ಪರಿಮಳವಿಲ್ಲ. ಅದು ಅನಾನಸನ್ನು ಹೋಲುವ ಹಣ್ಣನ್ನು ಬಿಡುತ್ತದೆ. ಮಾಗಿದಾಗ ಕಿತ್ತಳೆ, ಕೆಂಪು ಬಣ್ಣಕ್ಕೆ ತಿರುಗುವ ಆ ಹಣ್ಣು ಹಲವಾರು ಬಿಡಿ ತುಂಡುಗಳಾಗಿ ಕಳಚಿ ಬೀಳುತ್ತದೆ. ಪ್ರತಿಯೊಂದು ತುಂಡಿಗೂ ತೆಂಗಿನಕಾಯಿಯ ಸಿಪ್ಪೆಯಂತಹ ನಾರಿನ ಹೊದಿಕೆಯಿರುವುದರಿಂದ ಅದು ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ತೇಲಬಲ್ಲದು. ಅಲೆಗಳೊಡನೆ ಸಾಗಿ, ಯಾವುದೋ ದೂರದ ದಡವನ್ನು ಸೇರಿ, ಅಲ್ಲಿ ಮೊಳೆಯುತ್ತದೆ. ಹಿಂದೂ ಮಹಾಸಾಗರದ ಅನೇಕ ದ್ವೀಪಗಳಿಗೆ ಕೇದಗೆ ತಲುಪಿದ್ದು ಹೀಗೆ.

ಸಹಜ ನೆಲೆ

ಭಾರತದ ಪೂರ್ವ, ಪಶ್ಚಿಮ ಕರಾವಳಿಗಳೆರಡರಲ್ಲಿಯೂ ಅಂಡಮಾನ್ ದ್ವೀಪಗಳಲ್ಲಿಯೂ ಕೇದಗೆಯು ತಾನಾಗಿ ಬೆಳೆಯುತ್ತದೆ. ಮನುಷ್ಯನ ಕೈ ಹೆಚ್ಚು ಬೀಳದ ಮರಳದಂಡೆಯೊಂದರಲ್ಲಿ ಕಡಲಿಂದ ನೆಲದ ಕಡೆಗೆ ನಡೆದರೆ ಸಸ್ಯಗಳು ಒಂದು ಕ್ರಮದಲ್ಲಿ ಎದುರಾಗುತ್ತವೆ. ಭರತದ ಗೆರೆಯನ್ನು ದಾಟಿದೊಡನೆ ಕಾಣುವುದು ಆಡಿನ ಗೊರಸಿನಾಕಾರದ ಎಲೆಯೂ ನೇರಳೆ ಹೂವೂ ಉಳ್ಳ ಹಬ್ಬುಬಳ್ಳಿ, ಜೊತೆಗೆ ತಮಿಳರು ‘ರಾವಣನ ಮೀಸೆ’ ಎನ್ನುವ ಚುಚ್ಚುವ ಹುಲ್ಲು. ಗಾಳಿ ತಂದ ಮರಳನ್ನು ಇವು ತಡೆದು ದಿಬ್ಬವಾಗಿಸುತ್ತವೆ. ಆ ದಿಬ್ಬದ ಮೇಲೂ ಅದರ ಬೆನ್ನಿನಲ್ಲಿಯೂ ಕೇದಗೆಯ ಪೊದೆಸಾಲು ನಿಲ್ಲುತ್ತದೆ. ಅದರ ಮರೆಯಲ್ಲಿ ಸುರಹೊನ್ನೆ, ಹೊಂಗೆ ಮೊದಲಾದ ಮರಗಳು. ಅವುಗಳ ಹಿಂದೆ ತೆಂಗಿನ ತೋಟ, ಗದ್ದೆ, ಮನೆ, ಬಾವಿ. ಮುಂದಿನ ಸಾಲು ಉಪ್ಪುಗಾಳಿಯನ್ನು ತಡೆದುದರಿಂದಲೇ ಹಿಂದಿನ ಸಾಲು ಬದುಕುತ್ತದೆ. ನದಿಗಳು ಕಡಲನ್ನು ಸೇರುವಲ್ಲಿ ಕಾಂಡ್ಲಾ ಕಾಡುಗಳ ಹಿಂಬದಿಗೂ ಕೇದಗೆಯನ್ನು ಕಾಣಬಹುದು.

ಒಳನಾಡಿನಲ್ಲಿಯೂ ಹಳ್ಳಗಳ ದಂಡೆ, ಕೆರೆಯ ಕೋಡಿ, ತೋಟದ ಬೇಲಿಗಳಲ್ಲಿ ಕೇದಗೆ ಉಂಟು. ಕಾಳಿದಾಸನು ಮೇಘದೂತದಲ್ಲಿ ದಶಾರ್ಣ ದೇಶದ ಉಪವನಗಳಿಗೆ ಕೇತಕಿಯ ಬೇಲಿಯಿದ್ದುದನ್ನೂ ಮಳೆಗಾಲದ ಆರಂಭದಲ್ಲಿ ಅದರ ಮೊಗ್ಗು ಬಿರಿಯುವುದನ್ನೂ ಹೇಳಿದ್ದಾನೆ. ಬೇಲಿಯಾಗಿ ಕೇದಗೆ ಬೆಳೆಸುವ ಪದ್ಧತಿ ಎಷ್ಟು ಹಳೆಯದೆಂಬುದಕ್ಕೆ ಇದೊಂದು ಸಾಕ್ಷಿ. ಸಂಗಂ ಕಾಲದ ತಮಿಳು ಕವಿಗಳು ಕಡಲತೀರದ ನೆಲವನ್ನು ‘ನೆಯ್ದಲ್’ ಎಂದು ಕರೆದು, ಅಲ್ಲಿಯ ಸಸ್ಯಗಳಲ್ಲಿ ತಾಳೈಯನ್ನು ಎಣಿಸಿದ್ದಾರೆ.

ಕೇದಗೆಯ ಬನದಲ್ಲಿ ಹಾವುಗಳಿರುತ್ತವೆ ಎಂಬ ನಂಬಿಕೆ ನಮ್ಮಲ್ಲಿ ಪ್ರಬಲವಾಗಿದೆ. ಹಾವನ್ನು ಸೆಳೆಯುವುದು ಪರಿಮಳವೆಂದು ಜನ ಹೇಳುವುದುಂಟು. ಪೊದೆಯ ಬುಡದ ತಂಪು, ಬೇರುಗಳ ನಡುವಣ ಅವಕಾಶ, ಅಲ್ಲಿ ಆಶ್ರಯ ಪಡೆಯುವ ಕಪ್ಪೆ, ಇಲಿಗಳು, ಇಷ್ಟಿದ್ದರೆ ಹಾವು ಬರಲು ಬೇರೆ ಕಾರಣ ಬೇಡ. ಹಕ್ಕಿಗಳಿಗೂ ಏಡಿಗಳಿಗೂ ಅದು ಅಡಗುದಾಣವೇ. ಮನುಷ್ಯನು ಸುಲಭವಾಗಿ ಹೊಗಲಾರದ ಮುಳ್ಳಿನ ಕೋಟೆಯಾದುದರಿಂದಲೇ ಇತರ ಜೀವಿಗಳಿಗೆ ಅದು ನಿರ್ಭಯ ಸ್ಥಾನವಾಗಿದೆ.

ಅಲೆಗೆ ಎದುರಾಗಿ

2004ರ ಡಿಸೆಂಬರ್ 26ರ ಸುನಾಮಿಯ ಅನಂತರ ಶ್ರೀಲಂಕಾ ಮತ್ತು ಥಾಯ್ಲೆಂಡ್ ಕರಾವಳಿಗಳಲ್ಲಿ ಜಪಾನಿನ ತಜ್ಞರು ಸ್ಥಳೀಯ ವಿಜ್ಞಾನಿಗಳೊಡನೆ ಕೂಡಿ, ಯಾವ ಮರಗಳು ಅಲೆಯ ರಭಸವನ್ನು ಎಷ್ಟರಮಟ್ಟಿಗೆ ತಡೆದವೆಂದು ಪರಿಶೀಲಿಸಿದರು. 2007ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಮರಳದಂಡೆಯ ಮೇಲೆ ಬೆಳೆಯುವ ಕೇದಗೆಯೂ ಕೆಸರಿನಲ್ಲಿ ಬೆಳೆಯುವ ಒಂದು ಬಗೆಯ ಕಾಂಡ್ಲಾ ಮರವೂ ವಿಶೇಷವಾಗಿ ಪರಿಣಾಮಕಾರಿ. ನೆಲದಿಂದ ಮೇಲಕ್ಕೆ ಹೆಣೆದುಕೊಂಡಿರುವ ಬೇರುಗಳ ಜಾಲವು ಇದಕ್ಕೆ ಕಾರಣ. ತೆಂಗಿನ ನುಣುಪಾದ ಕಾಂಡಗಳ ನಡುವೆ ನೀರು ಸರಾಗವಾಗಿ ನುಗ್ಗುತ್ತದೆ. ಕೇದಗೆಯ ಬೇರುಗಳ ನಡುವೆ ಅದು ಸೀಳಿ, ಸುಳಿದು, ವೇಗವನ್ನು ಕಳೆದುಕೊಳ್ಳುತ್ತದೆ.

ಇದರ ಮಿತಿಯನ್ನೂ ಹೇಳಬೇಕು. ಅತಿ ಎತ್ತರದ ಅಲೆಯ ಎದುರು ಯಾವ ಗಿಡವೂ ನಿಲ್ಲದು. ಪೊದೆಸಾಲು ತೆಳುವಾಗಿದ್ದರೆ ಪ್ರಯೋಜನವೂ ತೆಳುವೇ. ಪೊದೆಯನ್ನು ಸೀಳಿ ಕಡಲಿಗೆ ನೇರವಾಗಿ ದಾರಿ ಮಾಡಿದ್ದಲ್ಲಿ ನೀರು ಆ ಸಂದಿನಿಂದಲೇ ಹೆಚ್ಚು ವೇಗದಿಂದ ನುಗ್ಗುತ್ತದೆ. ಆದ್ದರಿಂದ ದಾರಿಯನ್ನು ಓರೆಯಾಗಿ ಬಿಡುವುದು ಕ್ಷೇಮ. ಕೇದಗೆಯ ನಿಜವಾದ ಉಪಕಾರವು ದಿನನಿತ್ಯದ್ದು. ಪ್ರತಿ ಮಳೆಗಾಲದ ಅಬ್ಬರದಲ್ಲಿ ಅದು ಮರಳನ್ನು ಹಿಡಿದಿಡುತ್ತದೆ, ಉಪ್ಪಿನ ತುಂತುರು ಗದ್ದೆಗೆ ಬೀಳದಂತೆ ತಡೆಯುತ್ತದೆ. ಚೆನ್ನೈಯಲ್ಲಿರುವ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರವು 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ಹೋಲಿಸಿ, ದೇಶದ ಮುಖ್ಯಭೂಮಿಯ ಕರಾವಳಿಯಲ್ಲಿ ಸುಮಾರು ಮೂರನೆಯ ಒಂದು ಭಾಗವು ಸವೆತಕ್ಕೆ ಒಳಗಾಗಿದೆಯೆಂದು ತಿಳಿಸಿದೆ. ಬಂದರು, ಅಣೆಕಟ್ಟು, ಮರಳು ಸಾಗಣೆ ಮುಂತಾಗಿ ಸವೆತಕ್ಕೆ ಕಾರಣಗಳು ಅನೇಕ. ದಂಡೆಯ ಮೇಲಣ ಸಸ್ಯಗಳನ್ನು ಕಳೆದುಕೊಂಡಿರುವ ತೀರವು ಅವೆಲ್ಲವುಗಳ ಮುಂದೆ ಮತ್ತಷ್ಟು ದುರ್ಬಲವಾಗಿರುತ್ತದೆ.

ಜನಜೀವನದಲ್ಲಿ ಕೇದಗೆ

ಈ ಮರವನ್ನು ಅವಲಂಬಿಸಿದ ಜೀವನಗಳು ನಾನಾ ಬಗೆಯವು. ನಿಕೋಬಾರ್ ದ್ವೀಪಗಳಲ್ಲಿ ಕೇದಗೆಯ ಸೋದರ ಪ್ರಭೇದವೊಂದು ದೊಡ್ಡ ಹಣ್ಣುಗಳನ್ನು ಬಿಡುತ್ತದೆ. ನಿಕೋಬಾರಿ ಜನರು ಅದನ್ನು ಬೇಯಿಸಿ, ನಾರಿನಿಂದ ತಿರುಳನ್ನು ಕೆರೆದು ತೆಗೆದು, ಮುದ್ದೆಯಾಗಿ ನಾದಿ ಉಣ್ಣುತ್ತಾರೆ. ಗ್ರೇಟ್ ನಿಕೋಬಾರಿನ ಅರಣ್ಯವಾಸಿಗಳಾದ ಶೊಂಪೆನ್ ಜನರಿಗೂ ಅದು ಮುಖ್ಯ ಆಹಾರ. 2004ರ ಸುನಾಮಿಯಲ್ಲಿ ಆ ದ್ವೀಪದ ದಕ್ಷಿಣ ತುದಿಯಾದ ಇಂದಿರಾ ಪಾಯಿಂಟ್ ನಾಲ್ಕು ಮೀಟರಿಗೂ ಹೆಚ್ಚು ಕುಸಿಯಿತು. ಕರಾವಳಿಯ ತೆಂಗಿನ ತೋಟಗಳೊಡನೆ ಈ ಮರಗಳೂ ಅಪಾರವಾಗಿ ನಾಶವಾದುವು. ಅನ್ನದ ಮರವೇ ಹೋದ ಮೇಲೆ ಜನರು ಹೊರಗಿನಿಂದ ಬಂದ ಅಕ್ಕಿಯನ್ನು ನೆಚ್ಚಬೇಕಾಯಿತು.

ಕೇರಳದಲ್ಲಿ ಕಾಲುವೆ, ಹಿನ್ನೀರುಗಳ ಒಡ್ಡಿನ ಮೇಲೆ ಕೈತವನ್ನು ಬೆಳೆಸುವುದು ಹಳೆಯ ಪದ್ಧತಿ. ಬೇರು ಒಡ್ಡನ್ನು ಕಾಯುತ್ತಿತ್ತು, ಓಲೆ ಚಾಪೆಯಾಗುತ್ತಿತ್ತು. ಮುಳ್ಳು ತೆಗೆದು, ಸೀಳಿ, ಬೇಯಿಸಿ, ಒಣಗಿಸಿ ಹೆಣೆಯುವ ಈ ಕೆಲಸವನ್ನು ಹೆಚ್ಚಾಗಿ ಮಾಡುವವರು ಮಹಿಳೆಯರು. ಕೊಲ್ಲಂ ಜಿಲ್ಲೆಯ ತಳವ ಊರು ಇದಕ್ಕೆ ಹೆಸರುವಾಸಿ. ಕೇರಳದ ಈ ಕುಶಲಕಲೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಆದರೆ ಒಡ್ಡುಗಳಿಗೆ ಕಲ್ಲು ಕಟ್ಟಿದಂತೆಲ್ಲ ಕೈತಕ್ಕೆ ನೆಲೆ ತಪ್ಪುತ್ತದೆ. ಮಾನ್ಯತೆ ಪಡೆದ ಕಲೆಗೆ ಓಲೆ ದೊರೆಯುವುದು ದುರ್ಲಭವಾಗುತ್ತದೆ.

ನಮ್ಮ ಕರಾವಳಿಯವರಿಗೆ ಈ ಓಲೆ ಬೇರೆ ಕಾರಣಕ್ಕಾಗಿ ಪ್ರಿಯ. ಕೇದಗೆ ಕುಲದ ಗಿಡದ ಓಲೆಯಿಂದ ಮುಳ್ಳು ತೆಗೆದು, ಕೆಂಡದ ಮೇಲೆ ಬಾಡಿಸಿ, ಸುತ್ತಿ ಕೊಟ್ಟೆ ಮಾಡಿ, ಹಿಟ್ಟು ಹೊಯ್ದು ಹಬೆಯಲ್ಲಿ ಬೇಯಿಸಿದರೆ ಅದು ಮೂಡೆ. ಅಷ್ಟಮಿ, ಚೌತಿಗಳಲ್ಲಿ ಮೂಡೆಯಿಲ್ಲದ ಮನೆ ತುಳುನಾಡಿನಲ್ಲಿ ವಿರಳ. ಬಡಗುತಿಟ್ಟಿನ ಯಕ್ಷಗಾನದ ಪುಂಡುವೇಷದ ತಲೆಯುಡುಗೆಗೆ ‘ಕೇದಗೆ ಮುಂದಲೆ’ ಎಂದೇ ಹೆಸರು. ಹೆಂಗಸರ ಜಡೆಯ ಬಂಗಾರದ ಒಡವೆಗಳಲ್ಲಿಯೂ ಕೇದಗೆಯೊಂದುಂಟು. ಶಿವನ ಮುಂದೆ ಸುಳ್ಳುಸಾಕ್ಷಿ ಹೇಳಿದುದರಿಂದ ಕೇತಕಿಯು ಶಿವಪೂಜೆಗೆ ವರ್ಜ್ಯವಾಯಿತೆಂಬ ಪುರಾಣಕಥೆ ಎಲ್ಲರಿಗೂ ತಿಳಿದದ್ದೇ. ದೇವರು ಬೇಡವೆಂದರೂ ಜನರು ಅದನ್ನು ಬಿಡಲಿಲ್ಲ.

ಗಂಜಾಮಿನ ಹೂಬೆಳೆ

ಒಡಿಶಾದ ಗಂಜಾಂ ಜಿಲ್ಲೆಯಲ್ಲಿ ಕೇದಗೆಯು ಒಂದು ಪ್ರದೇಶದ ಆರ್ಥಿಕ ಜೀವನಕ್ಕೇ ಆಧಾರವಾಗಿದೆ. ದೇಶದಲ್ಲಿ ತಯಾರಾಗುವ ಕೇವಡಾ ಸುಗಂಧದ ಬಹುಪಾಲು ಬರುವುದು ಛತ್ರಪುರ, ಬ್ರಹ್ಮಪುರಗಳ ಸುತ್ತಲಿನ ಕರಾವಳಿ ಗ್ರಾಮಗಳಿಂದ. ಹೊಲದ ಬದುಗಳ ಮೇಲೆ, ಹಳ್ಳದ ಬದಿಗಳಲ್ಲಿ ನಿಂತ ಗಿಡಗಳಿಂದ ಮುಂಜಾನೆಯೇ ಹೂ ಕೊಯ್ದು ಹತ್ತಿರದ ಭಟ್ಟಿಗಳಿಗೆ ಒಯ್ಯುತ್ತಾರೆ. ತಡವಾದಷ್ಟೂ ಪರಿಮಳ ಹಾರಿಹೋಗುತ್ತದೆ. ತಾಮ್ರದ ಹಂಡೆಯಲ್ಲಿ ಹೂವನ್ನೂ ನೀರನ್ನೂ ತುಂಬಿ, ಮುಚ್ಚಳದ ಅಂಚಿಗೆ ಮಣ್ಣು ಮೆತ್ತಿ, ಕೆಳಗೆ ಉರಿ ಹಾಕುತ್ತಾರೆ. ಹಬೆಯು ಬಿದಿರಿನ ಕೊಳವೆಯ ಮೂಲಕ ಸಾಗಿ, ತಣ್ಣೀರಿನಲ್ಲಿ ಮುಳುಗಿಸಿಟ್ಟ ಇನ್ನೊಂದು ತಾಮ್ರದ ಪಾತ್ರೆಯಲ್ಲಿ ತಣಿಯುತ್ತದೆ. ಆ ಪಾತ್ರೆಯಲ್ಲಿ ಶ್ರೀಗಂಧದ ಎಣ್ಣೆಯಿದ್ದರೆ ಅತ್ತರು. ಬರಿಯ ಹಬೆಯ ನೀರಾದರೆ ಅಡುಗೆಗೆ ಬಳಸುವ ಕೇವಡಾ ಜಲ. ಶುದ್ಧ ತೈಲವನ್ನು ಬೇರ್ಪಡಿಸಿದರೆ ರೂಹ್. ಗಂಜಾಮಿನ ಹೂವಿಗೂ ರೂಹ್‌ಗೂ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಉತ್ತರ ಪ್ರದೇಶದ ಕನೌಜಿನ ಅತ್ತರು ವ್ಯಾಪಾರಕ್ಕೂ ಈ ಗ್ರಾಮಗಳಿಗೂ ಹಳೆಯ ನಂಟು.

ಈ ಬದುಕಿಗೆ ಎರಡು ಆತಂಕಗಳಿವೆ. ಮೊದಲನೆಯದು ಮಾರುಕಟ್ಟೆಯದು. ಕೇದಗೆಯ ಪರಿಮಳದ ಮುಖ್ಯ ಅಂಶವಾದ ರಾಸಾಯನಿಕವನ್ನು ಕಾರ್ಖಾನೆಯಲ್ಲಿ ಅಗ್ಗವಾಗಿ ತಯಾರಿಸಬಹುದಾದುದರಿಂದ, ನಾವು ಕೊಳ್ಳುವ ಬಾಟಲಿಯೊಳಗೆ ಹೂವಿನ ಅಂಶ ಇರಲೂಬಹುದು, ಇಲ್ಲದಿರಲೂಬಹುದು. ಎರಡನೆಯದು ಕಡಲಿನದು. 1999ರ ಅಕ್ಟೋಬರಿನಲ್ಲಿ ಒಂದೇ ತಿಂಗಳೊಳಗೆ ಎರಡು ಚಂಡಮಾರುತಗಳು ಒಡಿಶಾವನ್ನು ಅಪ್ಪಳಿಸಿದುವು. ಮೊದಲನೆಯದು ಗಂಜಾಮಿನ ಗೋಪಾಲಪುರದ ಬಳಿಯೇ ನೆಲ ಸೇರಿತು. 2013ರ ಅಕ್ಟೋಬರ್ 12ರಂದು ಫೈಲಿನ್ ಚಂಡಮಾರುತವೂ ಅಲ್ಲಿಯೇ ಅಪ್ಪಳಿಸಿತು. ಗಿಡ ಮುರಿದರೆ ಮತ್ತೆ ಹೂ ಬಿಡಲು ವರ್ಷಗಳು ಬೇಕು.

ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ಹೂವಿಗಾಗಿ ಬೆಳೆಸುವವರು ಗಂಡು ಗಿಡದ ಮರಿಗಳನ್ನೇ ನೆಡುತ್ತಾರೆ. ಅದು ಸ್ವಾಭಾವಿಕ. ಆದರೆ ಹಣ್ಣು ಬಿಡುವುದು, ಬೀಜವನ್ನು ಕಡಲಿಗೆ ಒಪ್ಪಿಸುವುದು, ಹೊಸ ದಂಡೆಗೆ ಹೊಸ ಸಂತತಿಯನ್ನು ಕಳುಹಿಸುವುದು ಹೆಣ್ಣು ಗಿಡ. ಮಾರುಕಟ್ಟೆಗೆ ಅದರಿಂದ ಲಾಭವಿಲ್ಲ. ಬೇಲಿಯ ಕೇದಗೆಯಿದ್ದರೆ ಸಾಕು, ಕಡಲಂಚಿನ ಕಾಡು ಪೊದೆ ಹೋದರೆ ಹೋಗಲಿ ಎನ್ನುವಂತಿಲ್ಲದಿರುವುದು ಇದರಿಂದಾಗಿ.

ರಕ್ಷಣೆಯ ಮಾರ್ಗ

ಕಡಲಂಚಿನ ಮರಳದಿಬ್ಬಗಳಿಗೆ ಕಾನೂನಿನ ರಕ್ಷಣೆಯಿದೆ. 1986ರ ಪರಿಸರ ಸಂರಕ್ಷಣಾ ಅಧಿನಿಯಮದ ಅಡಿಯಲ್ಲಿ ಕೇಂದ್ರ ಸರಕಾರವು 1991ರ ಫೆಬ್ರವರಿಯಲ್ಲಿ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯನ್ನು ಹೊರಡಿಸಿತು. 2011ರಲ್ಲಿಯೂ 2019ರಲ್ಲಿಯೂ ಅದನ್ನು ಪರಿಷ್ಕರಿಸಲಾಯಿತು. ಕಾಂಡ್ಲಾ ಕಾಡು, ಹವಳದ ದಿಬ್ಬಗಳೊಡನೆ ಮರಳದಿಬ್ಬಗಳೂ ಅತಿ ಸೂಕ್ಷ್ಮ ವರ್ಗದಲ್ಲಿ ಸೇರಿವೆ. ಜನಸಾಂದ್ರತೆ ಹೆಚ್ಚಿರುವ ಗ್ರಾಮೀಣ ಕರಾವಳಿಯಲ್ಲಿ ನಿರ್ಮಾಣ ನಿಷಿದ್ಧ ಪಟ್ಟಿಯ ಅಗಲವನ್ನು 2019ರ ಅಧಿಸೂಚನೆಯು 200 ಮೀಟರಿನಿಂದ 50 ಮೀಟರಿಗೆ ಇಳಿಸಿದೆ. ಪಟ್ಟಿ ಕಿರಿದಾದಾಗ ಅದರಲ್ಲಿ ಉಳಿದಿರುವ ಸಸ್ಯಗಳ ಹೊಣೆ ಹಿರಿದಾಗುತ್ತದೆ.

ಆದರೆ ಪೊದೆಯೊಂದನ್ನು ಕಡಿಯುವಾಗ ಯಾರಿಗೂ ತಾವು ಮರ ಕಡಿಯುತ್ತಿದ್ದೇವೆಂದು ಅನಿಸುವುದಿಲ್ಲ. ಕಡಲು ಕಾಣಿಸಬೇಕೆಂದು, ಹಾವಿನ ಭಯವೆಂದು, ತೀರವನ್ನು ಸ್ವಚ್ಛಗೊಳಿಸಬೇಕೆಂದು ಕೇದಗೆಯನ್ನು ತೆಗೆಯುತ್ತಾರೆ. ಅನಂತರ ಅದೇ ಜಾಗದಲ್ಲಿ ಸಾಲಾಗಿ ಗಾಳಿಮರವನ್ನು ನೆಡುವುದೂ ಉಂಟು. ಗಾಳಿಮರವು ಬೇಗ ಬೆಳೆದು ಗಾಳಿಯನ್ನು ತಡೆಯುತ್ತದೆ, ಉರುವಲು ಕೊಡುತ್ತದೆ. ಆದರೆ ಅದರ ದಟ್ಟ ನೆಡುತೋಪಿನ ನೆಲದ ಮೇಲೆ ಬಳ್ಳಿ, ಪೊದೆಗಳು ಸೊಂಪಾಗಿ ಬೆಳೆಯವು. ಕೇದಗೆ, ಬಳ್ಳಿ, ಸುರಹೊನ್ನೆಗಳ ಮಿಶ್ರ ಸಾಲು ಮಾಡುವ ಕೆಲಸವನ್ನು ಒಂಟಿ ಜಾತಿಯ ತೋಪು ಮಾಡಲಾರದು.

ನೆಡುವುದರಲ್ಲಿಯೂ ವಿವೇಚನೆ ಬೇಕು. ಗಂಜಾಂ ಜಿಲ್ಲೆಯಲ್ಲಿಯೇ ಇರುವ ಋಷಿಕುಲ್ಯಾ ನದಿಯ ಮುಖದಲ್ಲಿ ಸಾವಿರಾರು ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಅಂತಹ ತೀರಗಳಲ್ಲಿ ಭರತದ ಗೆರೆಯವರೆಗೂ ಗಿಡ ನೆಟ್ಟರೆ ಆಮೆಗೆ ಮರಳು ಉಳಿಯದು. ಪೊದೆಸಾಲು ಹಿಂದಿರಬೇಕು. ಹಿಂದಿರುವ ಕಪ್ಪು ಪೊದೆಸಾಲು ಊರಿನ ದೀಪಗಳನ್ನು ಮರೆಮಾಡಿದರೆ, ಮೊಟ್ಟೆಯೊಡೆದ ಮರಿಗಳು ದಿಕ್ಕು ತಪ್ಪದೆ ಬೆಳಕಾದ ಕಡಲಿನತ್ತ ಸಾಗುತ್ತವೆ.

ಕನ್ನಡ ಬಂಧುಗಳೇ, ಮುಂಬಯಿ, ಚೆನ್ನೈಗಳಲ್ಲಿರುವ ನಾವು ಕಡಲತೀರದ ಸ್ವಚ್ಛತಾ ಕಾರ್ಯದಲ್ಲಿ ಭಾಗವಹಿಸುವಾಗ ಪ್ಲಾಸ್ಟಿಕನ್ನು ಎತ್ತೋಣ. ಬಳ್ಳಿ, ಪೊದೆಗಳನ್ನು ಕೀಳದಿರೋಣ. ದಿಬ್ಬಗಳನ್ನು ಸಮತಟ್ಟು ಮಾಡುವುದು ಕಂಡರೆ ಜಿಲ್ಲಾಡಳಿತಕ್ಕೂ ರಾಜ್ಯದ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರಕ್ಕೂ ಲಿಖಿತವಾಗಿ ತಿಳಿಸುವ ಹಕ್ಕು ಪ್ರತಿಯೊಬ್ಬ ನಾಗರಿಕನಿಗಿದೆ. ಹೈದರಾಬಾದ್, ದೆಹಲಿಗಳಲ್ಲಿರುವವರು ಕೇವಡಾ ಜಲವನ್ನು ಕೊಳ್ಳುವಾಗ ಅದು ಹೂವಿನದೋ ಕೃತಕವೋ ಎಂದು ಬಾಟಲಿಯ ಮೇಲಣ ಬರಹವನ್ನು ಓದಿ ಕೊಂಡರೆ, ಗಂಜಾಮಿನ ಹೂ ಕೊಯ್ಯುವವರ ಕೂಲಿಗೆ ಅದು ನೇರವಾದ ನೆರವು. ಊರಿನಲ್ಲಿ ಹಳ್ಳದ ಬದಿಯ ಜಮೀನು ಉಳಿಸಿಕೊಂಡಿರುವವರು ಹಳೆಯ ಕೇದಗೆಯ ಬೇಲಿಯನ್ನು ತೆಗೆಸಿ ತಂತಿ ಹಾಕಿಸುವ ಮೊದಲು ಒಮ್ಮೆ ಯೋಚಿಸಬೇಕು. ತಂತಿಯು ದನವನ್ನು ತಡೆಯುತ್ತದೆ. ದಂಡೆಯ ಮಣ್ಣನ್ನು ತಡೆಯುವುದಿಲ್ಲ.

ಕೇದಗೆಗೆ ನೀರು ಹಾಕಿ, ಗೊಬ್ಬರ ಕೊಟ್ಟು ಸಾಕಬೇಕಾಗಿಲ್ಲ. ಉಪ್ಪು, ಮರಳು, ಬಿರುಗಾಳಿಗಳ ನಡುವೆ ಬದುಕುವುದನ್ನು ಅದು ಬಲ್ಲದು. ನಿಂತ ನೆಲವನ್ನು ಅದಕ್ಕೆ ಬಿಟ್ಟುಕೊಟ್ಟರೆ ಸಾಕು, ಉಳಿದುದನ್ನು ಅದೇ ನೋಡಿಕೊಳ್ಳುತ್ತದೆ.